ವಾಯಿದೆ ತಪ್ಪಿದವರನ್ನು ವಾಪಸ್ ಕೋರ್ಟಿಗೆ ಕರೆತರುವುದು: ನನ್ನ ಅನುಭವ

ಬೆಳಿಗ್ಗೆ 11 ಗಂಟೆಗೆ ಕಲಾಪ ಶುರುವಾಗುತ್ತದೆ. ದಲಾಯತ, ಅಂದರೆ ಕೋರ್ಟಿನ ಜವಾನ, ಬಾಗಿಲ ಹತ್ತಿರ ನಿಂತು ಆರೋಪಿಯ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೂರನೇ ಕೂಗಿಗೂ ಯಾರೂ ಬರದಿದ್ದರೆ ಜಡ್ಜ್ ಸಾಹೇಬರು ಫೈಲಿನಿಂದ ತಲೆ ಎತ್ತಿ ನನ್ನ ಕಡೆ ನೋಡುತ್ತಾರೆ. "ಎಲ್ರೀ ನಿಮ್ಮ ಕಕ್ಷಿದಾರ?" ಅಂತ ಬಾಯಿಬಿಟ್ಟು ಕೇಳಬೇಕಾಗಿಯೇ ಇಲ್ಲ. ಆ ಒಂದು ನಿಮಿಷದಲ್ಲಿ ನನ್ನ ಕೈಯಲ್ಲಿ ಒಂದು ಅರ್ಜಿ ಇರಬೇಕು, ಅದರ ಹಿಂದೆ ಒಂದು ನಿಜವಾದ ಕಾರಣ ಇರಬೇಕು. ಎರಡೂ ಇಲ್ಲದಿದ್ದರೆ ಆರ್ಡರ್ ಶೀಟಿನಲ್ಲಿ ಮೂರು ಅಕ್ಷರ ಬೀಳುತ್ತದೆ: ಎನ್‌ಬಿಡಬ್ಲ್ಯೂ. ಜಾಮೀನುರಹಿತ ವಾರಂಟ್, ಅಂದರೆ ಆರೋಪಿಯನ್ನು ಹಿಡಿದು ಕೋರ್ಟಿಗೆ ತನ್ನಿ ಅಂತ ಪೊಲೀಸರಿಗೆ ಆದೇಶ.

ನಾನು 2011ರಲ್ಲಿ ವಕೀಲಿಕೆಯ ಸನ್ನದು ತೆಗೆದುಕೊಂಡೆ. ಹಳೇ ಮೈಸೂರು ಕಡೆಯ ಒಂದು ತಾಲೂಕು ಕೋರ್ಟಿನಲ್ಲಿ ಆರೋಪಿಗಳ ಪರ ಕೆಲಸ ಮಾಡುತ್ತೇನೆ. ಬದು ಜಗಳ, ಹೊಡೆದಾಟ, ಆಕ್ಸಿಡೆಂಟ್, ಚೆಕ್ ಬೌನ್ಸ್, ಹೆಚ್ಚಾಗಿ ಇಂಥವೇ. ದೊಡ್ಡ ಕೇಸುಗಳಲ್ಲ. ಆದರೆ ಇಂಥ ಸಣ್ಣ ಕೇಸುಗಳಲ್ಲೇ ಜನ ವಾಯಿದೆ, ಅಂದರೆ ಕೋರ್ಟಿಗೆ ಬರಬೇಕಾದ ತಾರೀಖು, ತಪ್ಪಿಸಿಕೊಳ್ಳುವುದು ಜಾಸ್ತಿ. ಕೇಸಿಗಿಂತ ವಾರಂಟೇ ದೊಡ್ಡ ತಲೆನೋವಾಗುವುದೂ ಇಂಥವುಗಳಲ್ಲೇ.

ಬರದೇ ಇದ್ದವರೆಲ್ಲ ತಲೆಮರೆಸಿಕೊಂಡವರು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ್ದು ಹಾಗಲ್ಲ. ಕಾಫಿ ಕೊಯ್ಲಿಗೆ ಕೊಡಗಿಗೆ ಹೋದವರು, ಲಾರಿ ಲೋಡಾಗದೆ ಹುಬ್ಬಳ್ಳಿಯಲ್ಲಿ ಎರಡು ದಿನ ನಿಂತವರು, ಮಗುವಿಗೆ ಜ್ವರ ಬಂದು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದವರು, ಓನರ್ ರಜೆ ಕೊಡದವರು, ತಾರೀಖು ತಪ್ಪಾಗಿ ಕೇಳಿಸಿಕೊಂಡವರು. ಕೋರ್ಟಿನಲ್ಲಿ ತಾರೀಖನ್ನು ಇಂಗ್ಲಿಷಿನಲ್ಲಿ, ಅದೂ ಸರಸರ ಅಂತ ಹೇಳಿಬಿಡುತ್ತಾರೆ. ಕಟಕಟೆಯಲ್ಲಿ ನಿಂತವನು ಹೆದರಿಕೆಗೆ ಹೂಂ ಅಂತ ತಲೆ ಆಡಿಸಿ ಹೊರಗೆ ಬಂದುಬಿಡುತ್ತಾನೆ. ಇವರು ಒಂದು ದಿನ ತಪ್ಪಿಸಿಕೊಂಡವರು, ಅಷ್ಟೇ. ಓಡಿಹೋದವರಲ್ಲ. ಆದರೆ ಆ ಒಂದು ದಿನ ಕಳೆದ ಮೇಲೆ ಹೆದರಿಕೆ ಹುಟ್ಟುತ್ತದೆ. "ಈಗ ಹೋದರೆ ಒಳಗೆ ಹಾಕ್ತಾರೆ" ಅಂತ ಯಾರೋ ಟೀ ಅಂಗಡಿಯಲ್ಲಿ ಹೇಳಿರುತ್ತಾರೆ. ಇವರು ಮುಂದಿನ ವಾಯಿದೆಗೂ ಬರುವುದಿಲ್ಲ, ಅದರ ಮುಂದಿನದಕ್ಕೂ ಬರುವುದಿಲ್ಲ, ಫೋನ್ ನಂಬರ್ ಬದಲಾಯಿಸುತ್ತಾರೆ, ನನ್ನ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನದ ತಪ್ಪು ಐದು ವರ್ಷದ್ದಾಗುವುದು ಹೀಗೆ. ನಾನು ಇದನ್ನು ಬರೆಯುತ್ತಿರುವುದು ಆ ಹೆದರಿಕೆಗೋಸ್ಕರವೇ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2014ರಲ್ಲಿ ಡೈರಿಯಲ್ಲಿ 11 ಅಂತ ಬರೆಯಬೇಕಾದ ಕಡೆ 17 ಅಂತ ಬರೆದುಕೊಂಡೆ. ಕಕ್ಷಿದಾರರಿಗೂ ಅದೇ ಹೇಳಿದೆ. ಹೂವಿನ ವ್ಯಾಪಾರ ಮಾಡುವ ಹೆಂಗಸು ಅವರು, ಒಂದೇ ಒಂದು ವಾಯಿದೆ ತಪ್ಪಿಸಿದವರಲ್ಲ. 11ನೇ ತಾರೀಖು ಅವರ ಹೆಸರು ಕೂಗಿದಾಗ ನಾನೂ ಇಲ್ಲ, ಅವರೂ ಇಲ್ಲ. ವಾರಂಟ್ ಆಯಿತು. ನನಗೆ ಗೊತ್ತಾಗಿದ್ದು 14ಕ್ಕೆ. ಮಾರನೇ ಬೆಳಿಗ್ಗೆಯೇ ಅವರನ್ನು ಕರೆದುಕೊಂಡು ಹೋಗಿ, ತಪ್ಪು ನನ್ನದು ಅಂತ ಅರ್ಜಿಯಲ್ಲೇ ಬರೆದು, ಡೈರಿಯ ಆ ಪುಟವನ್ನು ಸಾಹೇಬರಿಗೆ ತೋರಿಸಿದೆ. ವಾರಂಟ್ ರದ್ದಾಯಿತು. ಆದರೆ ಆ ಮೂರು ದಿನದಲ್ಲಿ ಪೊಲೀಸರು ಅವರ ಮನೆ ಬಾಗಿಲಿಗೆ ಹೋಗಿದ್ದರೆ? ಅಂದಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು.

ಈಗ ಹೇಗೆ ಮಾಡುತ್ತೇನೆ ಅಂದರೆ, ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಎರಡು ಫೋನ್ ನಂಬರ್ ತೆಗೆದುಕೊಳ್ಳುತ್ತೇನೆ. ಒಂದು ಅವರದು, ಇನ್ನೊಂದು ಮನೆಯಲ್ಲಿ ಎಲ್ಲಿಗೂ ಹೋಗದೆ ಇರುವವರದು. ಹೆಂಡತಿ, ತಾಯಿ, ಇಲ್ಲವೇ ಊರಿನ ಅಂಗಡಿಯವರು. ಕೇಸಿನ ಸಿಎನ್‌ಆರ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಕೆಎ ಅಂತ ಶುರುವಾಗುವ, ಅಕ್ಷರ ಅಂಕಿ ಸೇರಿ ಒಟ್ಟು 16 ಇರುವ ನಂಬರ್ ಅದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಬರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಆ ಕೆಲಸ ಅವರಿಗೆ ಒಪ್ಪಿಸಿ ಅನ್ನುತ್ತೇನೆ. ಎಷ್ಟೋ ಕೇಸುಗಳಲ್ಲಿ ಹೈಸ್ಕೂಲು ಓದುವ ಮಗಳೇ ನನಗೆ ಫೋನ್ ಮಾಡಿ "ಆಂಟಿ, ನಾಳಿದ್ದು ಅಪ್ಪನ ಡೇಟ್ ಇದೆ ಅಲ್ವಾ?" ಅಂತ ಕೇಳುತ್ತಾಳೆ. ವಾಯಿದೆಯ ಹಿಂದಿನ ಸಂಜೆ ನಾನೂ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. ಅರ್ಧ ಗಂಟೆಯ ಕೆಲಸ. ಮಾರನೇ ದಿನದ ಅರ್ಧ ತೊಂದರೆ ಅಲ್ಲೇ ಕಳೆದುಹೋಗುತ್ತದೆ.

ಬರಲು ನಿಜವಾಗಿಯೂ ಆಗದಿದ್ದರೆ ಅದಕ್ಕೂ ದಾರಿ ಇದೆ. ಆ ದಿನದ ಮಟ್ಟಿಗೆ ಹಾಜರಾತಿಯಿಂದ ವಿನಾಯಿತಿ ಕೊಡಿ ಅಂತ ಅರ್ಜಿ. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಇದು 317ನೇ ಕಲಂ. 2024ರ ಜುಲೈ 1ರಿಂದ ಅದರ ಬದಲು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದ ಮೇಲೆ 355. ನಮ್ಮ ಬಾಯಲ್ಲಿ ಇನ್ನೂ "ತ್ರೀ ಸೆವೆಂಟೀನ್ ಹಾಕಿ" ಅಂತಲೇ ಬರುತ್ತದೆ. ಹೊಸ ಕಲಮಿನಲ್ಲಿ ಒಂದು ವಿವರಣೆ ಸೇರಿದೆ: ಆಡಿಯೋ-ವಿಡಿಯೋ ಮೂಲಕ ಹಾಜರಾದರೂ ಅದು ಖುದ್ದು ಹಾಜರಾತಿಯೇ.

ಈ ಅರ್ಜಿಯಲ್ಲಿ "ಅನಾರೋಗ್ಯದ ನಿಮಿತ್ತ" ಅಂತ ಒಂದು ಸಾಲು ಬರೆದು ಕೊಡುವವರು ಬಹಳ. ನಾನು ಹಾಗೆ ಬರೆಯುವುದಿಲ್ಲ. ಏನಾಗಿದೆ, ಯಾವ ಆಸ್ಪತ್ರೆ, ಎಷ್ಟು ದಿನ, ಮುಂದಿನ ಸಲ ಖಂಡಿತ ಬರುತ್ತಾರೋ ಇಲ್ಲವೋ, ಎಲ್ಲ ಬರೆಯುತ್ತೇನೆ. ವಾಟ್ಸಾಪಿನಲ್ಲಿ ಆಸ್ಪತ್ರೆಯ ಚೀಟಿಯ ಫೋಟೋ ತರಿಸಿ ಪ್ರಿಂಟ್ ತೆಗೆದು ಲಗತ್ತಿಸುತ್ತೇನೆ. ಲಾರಿ ಕೆಟ್ಟು ನಿಂತಿದ್ದರೆ ಗ್ಯಾರೇಜಿನ ಬಿಲ್ಲು. ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತಂದುಕೊಟ್ಟವರನ್ನು ನಾನು ವಾಪಸ್ ಕಳಿಸಿದ್ದೇನೆ. ಒಂದು ಸಲ ಅಂಥದ್ದು ಹಾಕಿ ಸಿಕ್ಕಿಬಿದ್ದರೆ ಆಮೇಲೆ ನಿಜವಾದ ಕಾಯಿಲೆಯನ್ನೂ ಯಾರೂ ನಂಬುವುದಿಲ್ಲ. ಅವರದ್ದಷ್ಟೇ ಅಲ್ಲ, ನಾನು ಹಾಕುವ ಬೇರೆ ಅರ್ಜಿಗಳನ್ನೂ ನಂಬುವುದಿಲ್ಲ.

ಆದರೆ ಎಲ್ಲ ವಾಯಿದೆಯೂ ಒಂದೇ ಅಲ್ಲ. ದೋಷಾರೋಪ ಓದುವ ದಿನ, ಸಾಕ್ಷಿ ಆರೋಪಿಯನ್ನು ಗುರುತಿಸಬೇಕಾದ ದಿನ, ಆರೋಪಿಯ ಹೇಳಿಕೆ ಬರೆದುಕೊಳ್ಳುವ ದಿನ, ತೀರ್ಪಿನ ದಿನ. ಈ ದಿನಗಳಲ್ಲಿ ವಿನಾಯಿತಿ ಸಿಗುವುದು ಕಷ್ಟ. ಅದರಲ್ಲೂ ತೀರ್ಪಿನ ದಿನ ಬರದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಹಿಂದಿನ ಸಂಜೆಯ ಫೋನಿನಲ್ಲಿ ನಾನು ಇದನ್ನು ಬಿಡಿಸಿ ಹೇಳುತ್ತೇನೆ: "ನಾಳೆ ಏನೇ ಆಗ್ಲಿ ಬರ್ಲೇಬೇಕು ಅಣ್ಣ, ನಾಳೆ ಅರ್ಜಿ ನಡೆಯಲ್ಲ."

ದೂರದ ಊರಲ್ಲಿರುವವರಿಗೆ, ಹಾಸಿಗೆ ಹಿಡಿದವರಿಗೆ, ಮೊದಲೇ ಒಂದು ಅರ್ಜಿ ಹಾಕಿಕೊಳ್ಳುವುದು ಒಳ್ಳೆಯದು. ಅದು ಹಳೇ 205, ಈಗಿನ 228. ವಕೀಲರ ಮೂಲಕವೇ ಹಾಜರಾಗಲು ಅನುಮತಿ. ಚೆಕ್ ಬೌನ್ಸ್ ಕೇಸಿನಲ್ಲಿ ಮುಂಬೈಯಲ್ಲೋ ದುಬೈಯಲ್ಲೋ ಕೆಲಸದಲ್ಲಿರುವ ನಮ್ಮ ಕಡೆಯವರಿಗೆ ಇದು ತುಂಬಾ ಉಪಯೋಗ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಸರಿ, ಅರ್ಜಿಯೂ ಇಲ್ಲ, ಆರೋಪಿಯೂ ಇಲ್ಲ ಅಂದುಕೊಳ್ಳಿ. ಆಗ ಏನಾಗುತ್ತದೆ? ಇನ್ನೂ ಕೋರ್ಟಿಗೆ ಬಂದೇ ಇಲ್ಲದವರಿಗೆ ಮೊದಲು ಸಮನ್ಸ್, ಅದಕ್ಕೆ ಬರದಿದ್ದರೆ ಜಾಮೀನುಸಹಿತ ವಾರಂಟ್ (ಹಿಡಿದರೂ ಜಾಮೀನು ಪಡೆದು ಬಿಡುವಂಥದ್ದು), ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ಮನದಟ್ಟಾದ ಮೇಲೆ ಎನ್‌ಬಿಡಬ್ಲ್ಯೂ. ಖಾಸಗಿ ದೂರಿನ ಕೇಸುಗಳಲ್ಲಿ ಹೀಗೇ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಕೇಸಿನಲ್ಲಿ ಹೇಳಿದೆ. ಆದರೆ ಒಂದು ಸಲ ಬಂದು ಜಾಮೀನು ತೆಗೆದುಕೊಂಡು ಹೋದವರ ವಿಷಯ ಬೇರೆ. ಪ್ರತಿ ವಾಯಿದೆಗೆ ಬರುತ್ತೇನೆ ಅಂತ ಬಾಂಡ್ ಬರೆದುಕೊಟ್ಟೇ ಹೊರಗೆ ಹೋಗಿರುತ್ತಾರೆ. ಅವರು ಬರದಿದ್ದರೆ ಬಾಂಡ್ ಮುರಿದಂತೆ. ನೇರವಾಗಿ ಎನ್‌ಬಿಡಬ್ಲ್ಯೂ ಆಗುವುದನ್ನು ನಾನು ದಿನಾ ನೋಡುತ್ತೇನೆ. ನಮ್ಮದು ಜಾಮೀನು ಸಿಗುವ ಅಪರಾಧ ತಾನೇ ಅಂತ ಧೈರ್ಯವಾಗಿರುವವರಿಗೆ ಇನ್ನೊಂದು ಮಾತು. ಬಾಂಡ್ ಮುರಿದವರಿಗೆ ಎರಡನೇ ಸಲ ಜಾಮೀನು ಕೊಡದೇ ಇರಲು ಕೋರ್ಟಿಗೆ ಅಧಿಕಾರ ಇದೆ. ಹಳೇ 436(2), ಈಗ 478(2).

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ವಾರಂಟ್ ತಾನಾಗಿ ಸಾಯುವುದಿಲ್ಲ. ಹೊರಡಿಸಿದ ಕೋರ್ಟ್ ರದ್ದು ಮಾಡಬೇಕು, ಇಲ್ಲವೇ ಪೊಲೀಸರು ಜಾರಿ ಮಾಡಬೇಕು. ಅಲ್ಲಿಯವರೆಗೆ ಅದು ಜೀವಂತ. ಠಾಣೆಯಲ್ಲಿ ಯಾರ ಕೈಗೆ ಏನು ಕೊಟ್ಟರೂ ಅದು ರದ್ದಾಗುವುದಿಲ್ಲ. ಮಧ್ಯದವರ ಮಾತು ಕೇಳಿ ದುಡ್ಡು ಕಳೆದುಕೊಂಡವರು ನನ್ನ ಹತ್ತಿರ ಬಂದಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಇಲ್ಲಿ ಒಬ್ಬ ಹುಡುಗನ ಕಥೆ ಹೇಳಬೇಕು. 2016ರ ಬದು ಜಗಳ. ಅಣ್ಣ ತಮ್ಮ ಇಬ್ಬರ ಮೇಲೂ ಕೇಸು, ಇಬ್ಬರಿಗೂ ಜಾಮೀನು. 2018ರ ಜನವರಿಯಲ್ಲಿ ಒಂದು ವಾಯಿದೆಗೆ ತಮ್ಮ ಬರಲಿಲ್ಲ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ವಾರಂಟ್ ಆಯಿತು. ನಾನು ಫೋನ್ ಮಾಡಿದೆ, ನಾಳೆನೇ ಬಾ ಅಂದೆ. ಬರ್ತೀನಿ ಮೇಡಂ ಅಂದ. ಬರಲಿಲ್ಲ. ಮುಂದಿನ ತಿಂಗಳು ನಂಬರ್ ಬಂದ್ ಆಗಿತ್ತು. ಅಣ್ಣನನ್ನು ಕೇಳಿದರೆ "ಅವ್ನು ಹೆದರ್ಕೊಂಡಿದ್ದಾನೆ ಮೇಡಂ" ಅಂದ. ಅವನೊಬ್ಬನಿಂದ ಕೇಸು ನಿಂತುಹೋಗಬಾರದು ಅಂತ 2019ರಲ್ಲಿ ಅವನ ಭಾಗವನ್ನು ಬೇರೆ ಮಾಡಿದರು. ಸ್ಪ್ಲಿಟ್ ಅಪ್ ಅನ್ನುತ್ತೇವೆ. ಅವನಿಗೇ ಬೇರೆ ನಂಬರ್, ಬೇರೆ ಫೈಲು. ಅಣ್ಣನ ಕೇಸು ನಡೆದು, ಊರವರು ಅಷ್ಟರಲ್ಲಿ ರಾಜಿಯಾಗಿದ್ದರಿಂದ ಸಾಕ್ಷಿಗಳು ಏನೂ ಹೇಳದೆ, 2020ರಲ್ಲಿ ಖುಲಾಸೆಯಾಯಿತು. ಅಣ್ಣಂದು ಮುಗೀತಲ್ಲ, ನಂದೂ ಮುಗಿದಿರುತ್ತೆ ಅಂತ ತಮ್ಮ ತಿಳಿದುಕೊಂಡ. ಈ ತಪ್ಪು ತಿಳುವಳಿಕೆಯನ್ನು ನಾನು ಒಂದು ಹತ್ತು ಜನರಲ್ಲಾದರೂ ನೋಡಿದ್ದೇನೆ.

2023ರಲ್ಲಿ ಕೆಲಸದ ವೆರಿಫಿಕೇಷನ್‌ಗೆ ಅಂತ ಒಂದು ಶನಿವಾರ ಊರ ಠಾಣೆಗೆ ತಾನೇ ಬಂದ. ವಾರಂಟ್ ರಿಜಿಸ್ಟರಿನಲ್ಲಿ ಅವನ ಹೆಸರಿತ್ತು. ಭಾನುವಾರ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಿದರು. ನ್ಯಾಯಾಂಗ ಬಂಧನ. ನನಗೆ ಅವನ ಅಣ್ಣ ಫೋನ್ ಮಾಡಿದ್ದು ಆ ಸಂಜೆ. ಸೋಮವಾರ ಅರ್ಜಿ ಹಾಕಿದೆ. ಸರ್ಕಾರಿ ವಕೀಲರು ತಕರಾರು ಹಾಕಲು ಸಮಯ ಕೇಳಿದರು. ಗುರುವಾರ ವಾದ ಆಯಿತು. ಅವನನ್ನು ಜೈಲಿನಿಂದ ಕರೆತಂದಿದ್ದರು. ಡೆಲಿವರಿ ಕಂಪನಿಯ ಟೀ ಶರ್ಟೇ ಇನ್ನೂ ಮೈಮೇಲಿತ್ತು, ಐದು ದಿನದಿಂದ ಅದೇ. ಸಾಹೇಬರು ಕೇಳಿದರು, "ಐದು ವರ್ಷ ಎಲ್ಲಿದ್ದೆಯಪ್ಪಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲೇ ಬೆಂಗಳೂರಲ್ಲೇ ಇದ್ದೆ ಸ್ವಾಮಿ, ದಿನಾ ಕೆಲಸಕ್ಕೆ ಹೋಗ್ತಿದ್ದೆ" ಅಂದ. ಅದು ನಿಜ. ಆದರೆ ಅಣ್ಣ ಖುಲಾಸೆಯಾದ ಅದೇ ಕೇಸಿನಲ್ಲಿ ಇವನು ಐದು ರಾತ್ರಿ ಜೈಲಿನಲ್ಲಿ ಮಲಗಿದ. ಆಮೇಲೆ ಹೊಸ ಶೂರಿಟಿ (ಜಾಮೀನುದಾರ), 1,000 ರೂಪಾಯಿ ದಂಡ, ತಪ್ಪದೆ ಬರುತ್ತೇನೆ ಅಂತ ಮುಚ್ಚಳಿಕೆ. 2018ರ ಆ ಮಾರನೇ ದಿನವೇ ಬಂದಿದ್ದರೆ ಅರ್ಧ ದಿನದ ಕೆಲಸ.

ಆ ಅರ್ಧ ದಿನದ ಕೆಲಸ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ಕಕ್ಷಿದಾರರನ್ನು ಬೆಳಿಗ್ಗೆ 10ಕ್ಕೆ ಬರಹೇಳುತ್ತೇನೆ. ಕೇಸಿನ ವಾಯಿದೆ ಬೇರೆ ದಿನ ಇದ್ದರೆ, ಫೈಲನ್ನು ಇವತ್ತೇ ಬೆಂಚಿಗೆ ತರಿಸಿ ಅಂತ ಒಂದು ಅರ್ಜಿ, ವಾರಂಟ್ ರೀಕಾಲ್ ಮಾಡಿ, ಅಂದರೆ ವಾಪಸ್ ಪಡೆದು ರದ್ದು ಮಾಡಿ, ಅಂತ ಇನ್ನೊಂದು. ಹಿಂದಿನ ಬಾಂಡ್ ರದ್ದಾಗಿದ್ದರೆ ಶೂರಿಟಿಯನ್ನೂ, ಅವರ ಪಹಣಿ ಮತ್ತು ಆಧಾರನ್ನೂ ಜೊತೆಯಲ್ಲೇ ತರಲು ಹೇಳಿರುತ್ತೇನೆ. ಕರೆದಾಗ ಕಕ್ಷಿದಾರರು ಕಟಕಟೆಯಲ್ಲಿ ನಿಲ್ಲಬೇಕು, ಕೇಳಿದ್ದಕ್ಕೆ ತಾವೇ ಉತ್ತರ ಹೇಳಬೇಕು. ನಾನು ಕಲಿಸಿಕೊಡುವ ಮಾತು ಒಂದೇ: ಆಗಿದ್ದನ್ನು ಆಗಿದ್ದಂತೆ ಹೇಳಿ. ಒಂದೇ ವಾಯಿದೆ ತಪ್ಪಿಸಿ ತಾವಾಗೇ ಬಂದವರನ್ನು ಜೈಲಿಗೆ ಕಳಿಸಿದ್ದು ನನ್ನ ಕೇಸುಗಳಲ್ಲಿ ಬಹಳ ಅಪರೂಪ. ಬೈಗುಳ ಇರುತ್ತದೆ, ಕೆಲವೊಮ್ಮೆ ದಂಡ ಇರುತ್ತದೆ. ಊಟದ ಹೊತ್ತಿಗೆ ಮನೆಗೆ ಹೊರಟಿರುತ್ತಾರೆ.

ಇನ್ನೊಂದು ಅನುಕೂಲ 2021ರಿಂದ ಇದೆ. ಸತೇಂದರ್ ಕುಮಾರ್ ಅಂತಿಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ. ತನಿಖೆ ವೇಳೆ ಬಂಧನವಾಗದೆ ಸಹಕರಿಸಿದವರ, 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ, ಎನ್‌ಬಿಡಬ್ಲ್ಯೂ ಜಾರಿಯಾಗುವ ಮೊದಲೇ ಅರ್ಜಿ ಹಾಕಿ, ಮುಂದಿನ ವಾಯಿದೆಗೆ ಖುದ್ದು ಬರುತ್ತೇನೆ ಅಂತ ಬರೆದುಕೊಟ್ಟರೆ, ಆ ದಿನ ಆರೋಪಿ ಎದುರಿಗೆ ಇರಲೇಬೇಕು ಅನ್ನದೆ ವಾರಂಟನ್ನು ರದ್ದು ಮಾಡಬಹುದು ಅಥವಾ ಜಾಮೀನುಸಹಿತ ವಾರಂಟಾಗಿ ಬದಲಾಯಿಸಬಹುದು. ನಾನು ಇದನ್ನು ಬಳಸಿದ್ದೇನೆ. ಆದರೆ ಬರಲು ಆಗುವವರಿಗೆ ಬಂದುಬಿಡಿ ಅಂತಲೇ ಹೇಳುತ್ತೇನೆ. ಎದುರಿಗೆ ನಿಂತ ಮನುಷ್ಯನನ್ನು ನೋಡಿದರೆ ಎಷ್ಟೋ ಅನುಮಾನ ಅಲ್ಲೇ ಹೋಗುತ್ತದೆ.

ಬಾರದೇ ಹೋದರೆ ಏಟು ಬೀಳುವುದು ಅವರೊಬ್ಬರಿಗೇ ಅಲ್ಲ. ಶೂರಿಟಿ ನಿಂತವರಿಗೂ ಬೀಳುತ್ತದೆ. ಹೋದ ವರ್ಷ ಎಪ್ಪತ್ತು ದಾಟಿದ ಒಬ್ಬರು ನೋಟಿಸ್ ಹಿಡಿದುಕೊಂಡು ಬಂದರು. ಅಕ್ಕಪಕ್ಕದ ಮನೆಯ ಹುಡುಗನಿಗೆ 25,000 ರೂಪಾಯಿಗೆ ಶೂರಿಟಿ ನಿಂತಿದ್ದರು. ಹುಡುಗ ಎರಡು ವರ್ಷದಿಂದ ಬಂದಿಲ್ಲ. ಬಟ್ಟೆ ಚೀಲದಿಂದ ಪಹಣಿ ತೆಗೆದು ಮೇಜಿನ ಮೇಲಿಟ್ಟು, ಅದನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಕೇಳಿದರು, "ಲಾಯರಮ್ಮ, ನಾನು ಬರೀ ಹೆಬ್ಬೆಟ್ಟು ಒತ್ತಿದ್ದು. ನನ್ನ ಒಂದೂವರೆ ಎಕರೆ ಹೋಗ್ಬಿಡುತ್ತಾ?"

"ಹೋಗಲ್ಲ ಯಜಮಾನ್ರೆ" ಅಂದೆ. ಬಾಂಡ್ ಜಪ್ತಿಯಾದ ಮೇಲೆ ಶೂರಿಟಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ. ಅದನ್ನು ಸುಮ್ನೆ ಮಡಿಸಿಟ್ಟರೆ ಪೂರ್ತಿ ಮೊತ್ತ ದಂಡದಂತೆ ವಸೂಲಿಯಾಗಬಹುದು. ಉತ್ತರ ಕೊಟ್ಟರೆ, ಕಾರಣ ಸರಿಯಿದ್ದರೆ, ದಂಡದಲ್ಲಿ ಒಂದು ಪಾಲು ಮನ್ನಾ ಮಾಡುವ ಅಧಿಕಾರ ಕೋರ್ಟಿಗೆ ಇದೆ. ಹಳೇ 446, ಈಗ 491. ಅವರಿಗೆ ಹೇಳಿದೆ, ಹುಡುಗನನ್ನು ಹೇಗಾದರೂ ಮಾಡಿ ಕರೆದುಕೊಂಡು ಬನ್ನಿ, ನಿಮ್ಮ ಹೊರೆ ಅಲ್ಲಿಗೇ ಅರ್ಧ ಇಳಿಯುತ್ತದೆ ಅಂತ. ಅವರೇ ಬಸ್ಸು ಹತ್ತಿ ಹೋಗಿ ಹುಡುಗನನ್ನು ಕೈ ಹಿಡಿದು ಕರೆತಂದರು. 25,000 ಕಟ್ಟಬೇಕಾದವರು 2,000 ಕಟ್ಟಿದರು. ಅವರಿಗೆ ಅದೂ ದೊಡ್ಡ ಮೊತ್ತವೇ. ತಮಗಾಗಿ ಹೆಬ್ಬೆಟ್ಟು ಒತ್ತಿದವರನ್ನು ವಾಯಿದೆ ತಪ್ಪಿಸುವವರು ಒಂದು ಸಲ ನೆನೆಸಿಕೊಂಡರೆ ಸಾಕು ಅಂತ ನನಗೆ ಅನ್ನಿಸುತ್ತದೆ.

ವಾರಂಟೂ ಜಾರಿಯಾಗದಿದ್ದರೆ ಉದ್ಘೋಷಣೆ ಬರುತ್ತದೆ. ಹಳೇ 82, ಈಗ 84. ಕನಿಷ್ಠ 30 ದಿನದ ಗಡುವು ಕೊಟ್ಟು, ಇಂಥ ದಿನ ಇಂಥ ಜಾಗಕ್ಕೆ ಹಾಜರಾಗಬೇಕು ಅಂತ ಊರಿನಲ್ಲಿ ಎಲ್ಲರಿಗೂ ಕೇಳಿಸುವಂತೆ ಓದಿ, ಮನೆ ಬಾಗಿಲಿಗೆ ಅಂಟಿಸುತ್ತಾರೆ. ಒಂದು ಮನೆಯ ಬಾಗಿಲಲ್ಲಿ ಆ ಕಾಗದ ನೋಡಿದ್ದೇನೆ. ಪಕ್ಕದಲ್ಲೇ ಒಣಗಿದ ಮಾವಿನ ತೋರಣ ಇತ್ತು. ಒಳಗಿದ್ದ ತಾಯಿ ಮೂರು ದಿನದಿಂದ ಹೊರಗೆ ಬಂದಿರಲಿಲ್ಲ. ಅದಕ್ಕೂ ಬರದಿದ್ದರೆ ಆಸ್ತಿ ಜಪ್ತಿ, ಮೇಲೆ ಬಿಎನ್‌ಎಸ್ (ಹಳೇ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 209ರಲ್ಲಿ ಬೇರೆಯೇ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ಜಾಮೀನಿನ ಮೇಲೆ ಹೋಗಿ ಕಾರಣವಿಲ್ಲದೆ ಬರದವರಿಗೆ 269 ಇದೆ, ಒಂದು ವರ್ಷದವರೆಗೆ. ಆರೋಪಿ ಇಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡುವ ಬಿಎನ್‌ಎಸ್‌ಎಸ್‌ನ 356ನೇ ಕಲಮೂ ಈಗ ಬಂದಿದೆ. ಆದರೆ ಅದು 10 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಕೇಸುಗಳಲ್ಲಿ ಘೋಷಿತ ಅಪರಾಧಿಗಳಾದವರಿಗೆ. ನಮ್ಮ ಬದು ಜಗಳದವರಿಗಲ್ಲ.

ಮನೆಯವರಿಗೂ ಒಂದು ಮಾತು. ಮೊದಲು ಸಮನ್ಸನ್ನು ಮನೆಯ ವಯಸ್ಕ ಗಂಡಸರ ಕೈಗೆ ಮಾತ್ರ ಕೊಡಬಹುದಿತ್ತು. ಬಿಎನ್‌ಎಸ್‌ಎಸ್ 66ರಲ್ಲಿ ಗಂಡಸು ಅನ್ನುವ ಪದ ತೆಗೆದಿದ್ದಾರೆ. ಆರೋಪಿ ಸಿಗದಿದ್ದರೆ ಈಗ ಹೆಂಡತಿ, ತಾಯಿ, ದೊಡ್ಡ ಮಗಳು ಯಾರ ಕೈಗೆ ಕೊಟ್ಟರೂ ತಲುಪಿದಂತೆಯೇ. ಒಂದು ಕೇಸಿನಲ್ಲಿ ಆರೋಪಿಯ ತಾಯಿ ಸಹಿ ಹಾಕಿ ತೆಗೆದುಕೊಂಡು, ಮಗ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಬಂದ ದಿನವೇ ಫೋನ್ ಮಾಡಿ ಓದಿ ಹೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತಲೂ ಸುಮ್ಮನಿರಬೇಡಿ. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕೊನೆಯದಾಗಿ, ಎಷ್ಟೋ ವಕೀಲರೂ ಮರೆಯುವ ಒಂದು ಕೆಲಸ. ಕೋರ್ಟು ವಾರಂಟ್ ರದ್ದು ಮಾಡಿದ ತಕ್ಷಣ ಅದು ಠಾಣೆಗೆ ಗೊತ್ತಾಗಿರುತ್ತದೆ ಅಂದುಕೊಳ್ಳಬೇಡಿ. ಕಾಗದ ತಲುಪಲು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಹಳೇ ವಾರಂಟ್ ಹಿಡಿದು ಯಾರಾದರೂ ಮನೆಗೆ ಬಂದುಬಿಡಬಹುದು. ನಾನು ಆದೇಶದ ದೃಢೀಕೃತ ಪ್ರತಿಗೆ ಅವತ್ತೇ ಅರ್ಜಿ ಹಾಕುತ್ತೇನೆ. ಒಂದು ಪ್ರತಿ ಠಾಣೆಗೆ, ಒಂದು ಕಕ್ಷಿದಾರರ ಜೇಬಿಗೆ. ಬದು ಜಗಳದ ಆ ತಮ್ಮನ ಜೊತೆ ನಾನೇ ಠಾಣೆಗೆ ಹೋಗಿದ್ದೆ. ಒಳಗೆ ಬರಲು ಅವನ ಕಾಲೇ ಏಳುತ್ತಿರಲಿಲ್ಲ. ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರು ಪ್ರತಿ ಓದಿ, ವಾರಂಟ್ ರಿಜಿಸ್ಟರ್ ತೆಗೆದು, ಬೆರಳಿಟ್ಟು ಅವನ ಹೆಸರು ಹುಡುಕಿ, ಆ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ "ರೀಕಾಲ್" ಅಂತ ಬರೆದು ತಾರೀಖು ಹಾಕಿದರು. ಅವನು ಮೇಜಿನ ಮೇಲೆ ಬಗ್ಗಿ ಅದನ್ನು ಎರಡು ಸಲ ಓದಿದ. ಆಮೇಲೆ ಮುಂದಿನ ವಾಯಿದೆ ಯಾವತ್ತು ಅಂತ ಕೇಳಿ ಕೈಮೇಲೆ ಬರೆದುಕೊಂಡ.